ಕೊಡದೆ ತೆಗೆದುಕೊಂಡ ಫೋಟೊ



ಅನುಗೊಂಡನಹಳ್ಳಿ ಕಡೆಯ ಕೆರೆ ಏರಿ ಮೇಲೆ ಈಗೀಗ ಹಕ್ಕಿ ಫೋಟೊ ತೆಗೆಯಲು ಕಲಿಯುತ್ತಿದ್ದೇನೆ. ಮಿಂಚುಳ್ಳಿ ಹಿಂದೆ ಓಡಿದರೆ ಸಿಗದು. ಮೀನು ಹಿಡಿದು ಹೆಚ್ಚಾಗಿ ಅದೇ ಕೊಂಬೆಗೆ ಬರುತ್ತದೆ. ಬಿಸಿಲಿಗೆ ಬೆನ್ನು ಕೊಟ್ಟು, ದೂರದಲ್ಲಿ ಅಲ್ಲಾಡದೆ ಕೂತು, ಅದರ ಕಣ್ಣಿಗೆ ಫೋಕಸ್ ಇಡಬೇಕು. ಕಾಯುವಾಗ 'ಬೇಕು ಬೇಕು' ಅನ್ನುವ ನಮ್ಮ ಮನಸ್ಸೂ ಕಾಣುತ್ತದೆ.

ಹಾರುವ ಚಿತ್ರಕ್ಕಾಗಿ ಕೆಲವರು ಬೆಳ್ಳಕ್ಕಿ ಹಿಂಡಿಗೆ ಕಲ್ಲೆಸೆಯುತ್ತಾರೆ. ನಮ್ಮ ಎರಡನೆಯ ಶೀಲ, ಕೊಡದಿದ್ದುದನ್ನು ತೆಗೆದುಕೊಳ್ಳದಿರುವುದು. ಬೆದರಿಸಿ ತೆಗೆದ ಫೋಟೊ ನನ್ನ ಲೆಕ್ಕದಲ್ಲಿ ಅದರೊಳಗೇ ಬರುತ್ತದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆ ನೀರು ಕುಡಿದರು. ದನಕ್ಕೆ, ಹಕ್ಕಿಗೆ ಇಲ್ಲದ ತಡೆ ಅಲ್ಲಿ ನಮ್ಮವರಿಗಿತ್ತು. ನೀರಿನ ಹತ್ತಿರದಿಂದ ಓಡಿಸಿಕೊಳ್ಳುವುದು ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಏರಿ ಹತ್ತಿರ ಇರುತ್ತೇನೆ, ಮಕ್ಕಳನ್ನೂ ಕರೆತನ್ನಿ.