ಹೊರೆಯ ಕೆಳಗೆ ಮುರಿದ ಚೌಕಟ್ಟು

ಓದತಕ್ಕ ಭಾಗ: ವಿಮೋಚನಕಾಂಡ 23:5, ಅರಣ್ಯಕಾಂಡ 7:1–9



ಹೊರೆಯ ಕೆಳಗೆ ಬಿದ್ದಿರುವ ಕತ್ತೆಯನ್ನು ಕಂಡವನು, ಅದು ತನ್ನ ಹಗೆಯವನದಾದರೂ ಸರಿ, ಸುಮ್ಮನೆ ದಾಟಿ ಹೋಗಬಾರದು, ಕೈಕೊಟ್ಟು ಬಿಡಿಸಬೇಕು ಎಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ಈಗ ನಮ್ಮ ಹಳ್ಳಿಗಳಲ್ಲಿ ಕತ್ತೆಗಳು ಕಡಿಮೆಯಾದವು. ಅವುಗಳ ಹೊರೆಯಾದರೋ ಕಡಿಮೆಯಾಗಲಿಲ್ಲ. ಅದು ಮೋಟಾರು ಸೈಕಲಿನ ಬೆನ್ನಿಗೆ ಬಂದಿದೆ. ಹಾಲಿನ ಕ್ಯಾನುಗಳು, ಹಸಿ ಹುಲ್ಲಿನ ಹೊರೆ, ಗೊಬ್ಬರದ ಚೀಲ, ಗ್ಯಾಸಿನ ಸಿಲಿಂಡರು, ಸಂತೆಗೆ ಹೋಗುವ ಬಟ್ಟೆಯ ಗಂಟು, ಇವೆಲ್ಲವೂ ಸೀಟಿನ ಹಿಂದೆಯೇ ಏರುತ್ತವೆ. ಕತ್ತೆಯು ತಾಳಲಾರದೆ ಹೋದಾಗ ಮಲಗಿಬಿಡುತ್ತಿತ್ತು. ಯಜಮಾನನಿಗೆ ಆಗಲೇ ತಿಳಿಯುತ್ತಿತ್ತು. ಕಬ್ಬಿಣವು ಮಲಗುವದಿಲ್ಲ, ಕೂಗುವದೂ ಇಲ್ಲ. ಸೀಟಿನ ಕೆಳಗೆ, ಬಣ್ಣದ ಮರೆಯಲ್ಲಿ, ಕೂದಲೆಳೆಯಷ್ಟು ಬಿರುಕು ಹುಟ್ಟಿ ದಿನೇ ದಿನೇ ಬೆಳೆದು, ಒಂದು ದಿನ ಇಳಿಜಾರಿನ ತಿರುವಿನಲ್ಲಿ ಬಾಲವು ಕುಸಿಯುತ್ತದೆ. ಆದಕಾರಣ ಈ ತಿಂಗಳಲ್ಲಿ ಆ ಚೌಕಟ್ಟಿನ ವಿಷಯವಾಗಿಯೇ ಮಾತಾಡುವದು ಯುಕ್ತವೆಂದು ನನಗೆ ತೋಚಿತು. ಸಭೆಯ ಪತ್ರಿಕೆಯಲ್ಲಿ ಗ್ಯಾರೇಜಿನ ಸಂಗತಿ ಯಾಕೆಂದು ಒಬ್ಬನು ಕೇಳಾನು. ನಿಮ್ಮಲ್ಲಿ ಅನೇಕರ ಅನ್ನವೂ ಅನೇಕರ ಮಕ್ಕಳ ಪ್ರಾಣವೂ ಪ್ರತಿದಿನ ಅದರ ಮೇಲೆಯೇ ಕೂತು ಹೋಗುತ್ತವೆ.

ಮೊದಲು ಅದು ಏನೆಂಬದನ್ನು ತಿಳಿಯೋಣ. ಮೋಟಾರು ಸೈಕಲಿನ ಮುಖ್ಯ ಚೌಕಟ್ಟು ಇಂಜಿನನ್ನೂ ಹ್ಯಾಂಡಲಿನ ಕತ್ತನ್ನೂ ಹಿಡಿದಿರುವದು. ಅದರಿಂದ ಹಿಂದಕ್ಕೆ ಚಾಚಿಕೊಂಡು ಸೀಟು, ಕ್ಯಾರಿಯರ್, ಹಿಂದಿನ ಮಡ್‌ಗಾರ್ಡು, ದೀಪ, ಇವುಗಳನ್ನು ಹೊರುವ ತೆಳ್ಳಗಿನ ಕೊಳವೆಗಳಿಗೆ ಸಬ್‌ಫ್ರೇಮ್ ಎಂದು ಹೆಸರು. ಕೆಲವು ಗಾಡಿಗಳಲ್ಲಿ ಅದನ್ನು ಬೋಲ್ಟುಗಳಿಂದ ಕೂಡಿಸಿರುತ್ತಾರೆ. ನಮ್ಮ ಊರುಗಳಲ್ಲಿ ಓಡುವ ಚಿಕ್ಕ ಗಾಡಿಗಳಲ್ಲಿ ಹೆಚ್ಚಾಗಿ ಅದು ಮುಖ್ಯ ಚಾಸಿಗೇ ಬೆಸೆದಿರುವದು. ಹೇಗಿದ್ದರೂ ಅದು ಗೋಡೆಯಿಂದ ಹೊರಚಾಚಿದ ತೊಲೆಯಂತೆ: ಒಂದು ತುದಿಗೆ ಹಿಡಿತವುಂಟು, ಮತ್ತೊಂದು ತುದಿಗೆ ಆಧಾರವಿಲ್ಲ.

ಭಾರ ಎಷ್ಟು ಎಂಬದು ಒಂದು ಪ್ರಶ್ನೆ. ಅದು ಎಷ್ಟು ಹಿಂದೆ ಇದೆ ಎಂಬದು ಬೇರೆ ಪ್ರಶ್ನೆ. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿಕೊಂಡು ಒಂದು ಹರದಾರಿ ನಡೆಯುವ ತಾಯಂದಿರು ಅದೇ ಕೊಡವನ್ನು ಚಾಚಿದ ಕೈಯಲ್ಲಿ ಹಿಡಿದು ಬಾವಿಯ ಕಟ್ಟೆಯನ್ನು ದಾಟಲಾರರು. ಹಿಡಿತದಿಂದ 30 ಸೆಂಟಿಮೀಟರ್ ಹಿಂದಿರುವ 20 ಕಿಲೋ ಭಾರವು ಕೊಳವೆಯ ಬುಡವನ್ನು ಎಷ್ಟು ಬಗ್ಗಿಸುವದೋ, 60 ಸೆಂಟಿಮೀಟರ್ ಹಿಂದಿರುವ 10 ಕಿಲೋ ಭಾರವು ಅಷ್ಟೇ ಬಗ್ಗಿಸುವದು. ಇದಲ್ಲದೆ ಚಕ್ರವು ಕುಳಿಗೆ ಬಿದ್ದು ಎದ್ದಾಗಲೆಲ್ಲಾ ಆ ಭಾರವು ಕ್ಷಣಮಾತ್ರ ತನ್ನ ತೂಕಕ್ಕಿಂತ ಹಲವು ಪಾಲು ಹೆಚ್ಚಾಗಿ ಒತ್ತುತ್ತದೆ. ತಂತಿಯೊಂದನ್ನು ಅತ್ತಿತ್ತ ಬಗ್ಗಿಸಿದರೆ ಅದು ಮೊದಲನೆಯ ಸಲ ಮುರಿಯುವದಿಲ್ಲ, ಹತ್ತನೆಯ ಸಲವೋ ಇಪ್ಪತ್ತನೆಯ ಸಲವೋ ಮುರಿಯುವದು. ಚೌಕಟ್ಟಿಗೆ ಆಗುವದೂ ಅದೇ, ಲಕ್ಷ ಸಲ ಸ್ವಲ್ಪ ಸ್ವಲ್ಪವಾಗಿ. ಆದಕಾರಣ, ನಿನ್ನೆಯ ವರೆಗೆ ತಾಳಿತಲ್ಲಾ ಎಂಬ ಮಾತಿನಲ್ಲಿ ಸಾರವಿಲ್ಲ.

ನಮ್ಮ ಸೀಮೆಯ ಒಬ್ಬ ಹಾಲಿನ ವ್ಯಾಪಾರಿಯ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. 40 ಲೀಟರಿನ ಎರಡು ಕ್ಯಾನುಗಳಲ್ಲಿ ಹಾಲಿನ ತೂಕವೇ ಸುಮಾರು 82 ಕಿಲೋ. ಕ್ಯಾನುಗಳೂ ಅವನ್ನು ತೂಗಹಾಕುವ ಕಬ್ಬಿಣದ ಕೊಂಡಿಗಳೂ ಸೇರಿದರೆ 90 ದಾಟುವದು. ಅವನ ಮೈತೂಕ 65. ಶಾಲೆಗೆ ಬಿಡಬೇಕಾದ ಮಗನು ಕ್ಯಾನುಗಳ ನಡುವೆ ಹಿಂದಕ್ಕೆ ಸರಿದು ಕೂತುಕೊಳ್ಳುವನು, ಅವನದು 30. ಒಟ್ಟು 185 ಕಿಲೋ. ಗಾಡಿಯ ಜೊತೆಗೆ ಕೊಡುವ ಪುಸ್ತಕದಲ್ಲಿ, ಸವಾರನೂ ಸೇರಿ ಎಷ್ಟು ಹೊರಬಹುದೆಂದು ಅಚ್ಚಾಗಿರುವದು, 100 ಸಿ.ಸಿ.ಯ ಗಾಡಿಗಳಲ್ಲಿ ಅದು ಸಾಧಾರಣವಾಗಿ 130 ಕಿಲೋಗಳ ಆಸುಪಾಸಿನಲ್ಲಿರುತ್ತದೆ. ಆ ಪುಸ್ತಕವನ್ನು ಅವನ ಮನೆಯಲ್ಲಿ ಯಾರೂ ಬಿಚ್ಚಿರಲಿಲ್ಲ. ಒಂದು ವರುಷದಲ್ಲಿ ಚೌಕಟ್ಟು ಮೂರು ಸಲ ಬಿರಿಯಿತು. ಮೂರು ಸಲವೂ ರಸ್ತೆಯ ಬದಿಯ ಬೆಸುಗೆಯವನು ಬಿರುಕಿನ ಮೇಲೆ ಒಂದು ಗಂಟು ಹಾಕಿ ಹಣ ತೆಗೆದುಕೊಂಡನು. ಮೂರನೆಯ ಗಂಟು ಬಿಟ್ಟಾಗ ಮಗನು ಕ್ಯಾನಿನೊಂದಿಗೆ ರಸ್ತೆಗೆ ಬಿದ್ದನು. ಹಿಂದೆ ಲಾರಿ ಬರುತ್ತಿರಲಿಲ್ಲ. ಹಾಲು ಹೋಯಿತು, ಹುಡುಗನು ಮೊಣಕೈ ತರಚಿಕೊಂಡು ಉಳಿದನು.

ಇಂಥಾದ್ದು ಬಡವರ ಚಿಕ್ಕ ಗಾಡಿಗಳಿಗೆ ಮಾತ್ರ ಬರುವದೆಂದು ನೆನಸಬೇಡಿರಿ. 2004ರಲ್ಲಿ ಯೂಅನ್ ಮೆಕ್‌ಗ್ರೆಗರ್, ಚಾರ್ಲಿ ಬೂರ್ಮನ್ ಎಂಬ ಇಬ್ಬರು ನಟರು ಬಿ.ಎಂ.ಡಬ್ಲ್ಯೂ. ಎಂಬ ದೊಡ್ಡ ಗಾಡಿಗಳ ಮೇಲೆ ಲಂಡನ್ನಿನಿಂದ ಮೂಡಲಾಗಿ ಹೊರಟು ನ್ಯೂಯಾರ್ಕಿಗೆ ಪ್ರಯಾಣ ಮಾಡಿದರು. ಜೊತೆಯಲ್ಲಿ ಚಿತ್ರ ತೆಗೆಯುತ್ತಿದ್ದವನ ಗಾಡಿಯ ಚೌಕಟ್ಟು ಮಂಗೋಲಿಯದ ಕೆಟ್ಟ ದಾರಿಯಲ್ಲಿ ಮುರಿದು, ಅವರು ಅಲ್ಲಿಯೇ ಈಝ್ ಎಂಬ ಸಾಧಾರಣವಾದ ರಷ್ಯದ ಗಾಡಿಯೊಂದನ್ನು ಕೊಂಡು ಮುಂದೆ ಹೋಗಬೇಕಾಯಿತು. ಕವಾಸಾಕಿ ಕೆ.ಎಲ್.ಆರ್. 650 ಎಂಬ, 1987ರಿಂದ ಮಾರಾಟಕ್ಕೆ ಬಂದ ಗಾಡಿಯಲ್ಲಿ ಸಬ್‌ಫ್ರೇಮಿನ ಮೇಲಿನ ಎರಡು ಬೋಲ್ಟುಗಳು ಭಾರಕ್ಕೆ ಕತ್ತರಿಸಿ ಹೋಗುವದುಂಟು. ದೂರ ಪ್ರಯಾಣದವರು ಚೌಕಟ್ಟನ್ನು ಆರಪಾರ ಕೊರೆಸಿ ಎರಡಕ್ಕೆ ಬದಲಾಗಿ ಒಂದೇ ಉದ್ದವಾದ ದಪ್ಪ ಬೋಲ್ಟನ್ನು ಹಾಕಿಸಿಕೊಳ್ಳುತ್ತಾರೆ.

ಮುರಿಯುವ ಮುಂಚೆ ಗುರುತುಗಳು ಕಾಣುವವು. ಬೆಸುಗೆಯ ಅಂಚಿನಲ್ಲಿ ಬಣ್ಣ ಸೀಳಿ, ಅಲ್ಲಿಂದ ತುಕ್ಕಿನ ನೀರು ಗೆರೆಯಾಗಿ ಇಳಿದಿರುವದು. ಮಡ್‌ಗಾರ್ಡು ಟಾಯರಿಗೆ ಉಜ್ಜುವದು. ಸೀಟು ಒಂದು ಕಡೆಗೆ ವಾಲುವದು. ವೇಗದಲ್ಲಿ ಬಾಲ ತೂಗಾಡುವದು. ಬೆಸುಗೆಯ ಪಕ್ಕ, ಬೋಲ್ಟಿನ ತೂತಿನ ಸುತ್ತ, ಶಾಕ್ ಅಬ್ಸಾರ್ಬರನ್ನು ಸಿಕ್ಕಿಸುವ ಕಿವಿಯ ಬುಡ, ಕ್ಯಾರಿಯರ್ ಕೂಡುವ ಸ್ಥಳ, ಈ ನಾಲ್ಕು ಕಡೆ ಒದ್ದೆ ಬಟ್ಟೆಯಿಂದ ಒರಸಿ ನೋಡಿರಿ. ಬೋಲ್ಟು ಸಡಿಲವಾಗಿದ್ದರೆ ಅದನ್ನು ಅಲ್ಪವೆಂದು ಎಣಿಸಬೇಡಿರಿ. ಯಾಕಂದರೆ ಸಡಿಲ ಕೀಲು ಪ್ರತಿ ಕುಳಿಯಲ್ಲಿಯೂ ಸುತ್ತಿಗೆಯ ಪೆಟ್ಟನ್ನು ತಿನ್ನುತ್ತದೆ.

ದಾರಿಯ ನಡುವೆ ಮುರಿದರೆ ಮೊದಲು ಹೊರೆಯನ್ನು ಪೂರ್ತಿಯಾಗಿ ಇಳಿಸಿ ಬಸ್ಸಿಗೋ ಬೇರೆ ಬಂಡಿಗೋ ಹಾಕಿರಿ. ಮುರಿದ ಎಲುಬಿಗೆ ದಬ್ಬೆ ಕಟ್ಟುವ ಹಾಗೆ, ಕಬ್ಬಿಣದ ಸಲಾಕೆಯನ್ನು ಕೊಳವೆಯ ಉದ್ದಕ್ಕೂ ಇಟ್ಟು, ತಿರುಪಿನ ಪಟ್ಟಿಗಳಿಂದಲಾಗಲಿ ತಂತಿಯಿಂದಲಾಗಲಿ ಬಿಗಿದು, ಒಬ್ಬನೇ ಮೆಲ್ಲಗೆ ಗ್ಯಾರೇಜಿನ ವರೆಗೆ ಹೋಗಬಹುದು. ಅದರ ಮೇಲೆ ಮರುದಿನದ ಹಾಲನ್ನು ಹೇರಬಾರದು.

ಇನ್ನು ಸರಿಮಾಡುವ ಕ್ರಮ. ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಡಬೇಕು. ಸೀಟು ಮತ್ತು ವಯರುಗಳನ್ನು ಸರಿಸಬೇಕು. ಬ್ಯಾಟರಿಯ ತಂತಿಗಳನ್ನು, ಮೊದಲು ಋಣ ಕಡೆಯದನ್ನು, ಬಿಡಿಸಬೇಕು. 2020ರಿಂದೀಚಿನ ಗಾಡಿಗಳಲ್ಲಿ ಹೆಚ್ಚಾಗಿ ಇಂಧನವನ್ನು ಅಳೆದು ಬಿಡುವ ವಿದ್ಯುತ್ ಪೆಟ್ಟಿಗೆಯೊಂದು ಇರುತ್ತದೆ. ಬೆಸುಗೆಯ ವಿದ್ಯುತ್ತು ಅದರೊಳಗೆ ಹೊಕ್ಕರೆ ಚೌಕಟ್ಟಿಗಿಂತ ದೊಡ್ಡ ಖರ್ಚು ಬರುವದು. ಆದಕಾರಣ ಅದರ ಕೂಡುಕೊಂಡಿಯನ್ನೂ ಬಿಡಿಸಿ, ಬೆಸುಗೆಯ ಅರ್ತಿಂಗ್ ಕ್ಲಿಪ್ಪನ್ನು ಕೆಲಸದ ಸ್ಥಳಕ್ಕೆ ಸಮೀಪವಾಗಿಯೇ ಹಾಕಿಸಿರಿ.

ಬಿರುಕಿನ ಎರಡೂ ಕಡೆ ನಾಲ್ಕೈದು ಸೆಂಟಿಮೀಟರಿನಷ್ಟು ಬಣ್ಣ, ತುಕ್ಕು, ಹಳೆಯ ಬೆಸುಗೆಯ ಗಂಟು, ಎಲ್ಲವನ್ನೂ ಅರದಿಂದಲೂ ಉಪ್ಪು ಕಾಗದದಿಂದಲೂ ತೆಗೆದು ಹೊಳೆಯುವ ಲೋಹವನ್ನು ಕಾಣಬೇಕು. ಕೊಳಕಿನ ಮೇಲೆ ಬೆಸೆದದ್ದು ನಿಲ್ಲದು. ಕೊಳವೆ ಪೂರ್ತಿ ತುಂಡಾಗದೆ ಬಿರಿದಿದ್ದರೆ ಬಿರುಕಿನ ತುದಿಯನ್ನು ಹುಡುಕಿ, ಅಲ್ಲಿ 3 ಮಿಲಿಮೀಟರಿನ ಚಿಕ್ಕ ತೂತು ಕೊರೆದರೆ ಅದು ಮುಂದಕ್ಕೆ ಓಡದು. ಬಳಿಕ ಬಿರುಕಿನ ಬಾಯನ್ನು ಇಳಿಜಾರಾಗಿ ಅರೆದು ತೆರೆಯಬೇಕು. ಬೆಸುಗೆಯು ಒಳಗಿನ ವರೆಗೆ ಇಳಿಯದೆ ಮೇಲೆಯೇ ಕೂತರೆ ಕೆಳಗಿನ ಬಿರುಕು ಬದುಕಿಯೇ ಇರುವದು. ಹಾಲಿನವನ ಮೂರು ಬೆಸುಗೆಗಳೂ ಸೋತದ್ದು ಇದರಿಂದಲೇ.

ಬಾಲವನ್ನು ಜಾಕಿಯಿಂದ ಎತ್ತಿ ಮೊದಲಿನ ಎತ್ತರಕ್ಕೆ ತಂದು, ಹ್ಯಾಂಡಲಿನ ಕತ್ತಿನಿಂದ ಹಿಂದಿನ ಎಡ ಬಲ ಮೂಲೆಗಳಿಗೆ ದಾರ ಹಿಡಿದು ಅಳೆಯಿರಿ, ಎರಡೂ ಸಮವಾಗಿರಬೇಕು. ಕೊಳವೆ ತುಂಡಾಗಿದ್ದರೆ ಅದರೊಳಗೆ ಬಿಗಿಯಾಗಿ ಕೂಡುವ ಚಿಕ್ಕ ಕೊಳವೆಯೊಂದನ್ನು, ಮುರಿದ ಸ್ಥಳದ ಎರಡೂ ಕಡೆ ನಾಲ್ಕೈದು ಸೆಂಟಿಮೀಟರ್ ಹೋಗುವಂತೆ, ತೂರಿಸಬೇಕು. ಹೊರಕೊಳವೆಯಲ್ಲಿ ಎರಡು ಮೂರು ತೂತು ಕೊರೆದು ಅವುಗಳ ಮೂಲಕ ಒಳಗಿನದನ್ನೂ ಬೆಸೆದರೆ ಹಿಡಿತವು ಬಲವಾಗುವದು. ಒಳಕೊಳವೆಯ ತುದಿಗಳನ್ನು ನೆಟ್ಟಗೆ ಕತ್ತರಿಸದೆ ಓರೆಯಾಗಿ ಕತ್ತರಿಸಿರಿ. ಗಟ್ಟಿಯಾದದ್ದು ತಟ್ಟನೆ ಮುಗಿದು ಬಳಕುವದು ಆರಂಭವಾಗುವ ಗೆರೆಯಲ್ಲಿಯೇ ಮುಂದಿನ ಬಿರುಕು ಹುಟ್ಟುವದು. ಹೊರಗಿನಿಂದ ಇಡುವ ಮೂಲೆತಗಡಿಗೂ ಇದೇ ನಿಯಮ: ತುದಿಯು ತೆಳ್ಳಗಾಗುತ್ತಾ ಮುಗಿಯಬೇಕು.

ಮೊದಲು ಅಲ್ಲಲ್ಲಿ ಚುಕ್ಕೆ ಹಾಕಿಸಿ, ದಾರದಿಂದ ಮತ್ತೊಮ್ಮೆ ಅಳೆದು, ಆಮೇಲೆ ಎಡಕ್ಕೆ ಸ್ವಲ್ಪ ಬಲಕ್ಕೆ ಸ್ವಲ್ಪ ಎಂಬಂತೆ ಪೂರ್ತಿ ಬೆಸೆಯಿಸಬೇಕು. ಒಂದೇ ಕಡೆ ಕಾದರೆ ಚೌಕಟ್ಟು ಸೊಟ್ಟಗಾಗುವದು. ಕೊಳವೆಯು ತೆಳುವಾದ್ದರಿಂದ ದಪ್ಪ ಕಡ್ಡಿಯೂ ಹೆಚ್ಚು ವಿದ್ಯುತ್ತೂ ಅದನ್ನು ಸುಟ್ಟು ತೂತು ಮಾಡುವವು. 2 ಅಥವಾ 2.5 ಮಿಲಿಮೀಟರಿನ ಕಡ್ಡಿ ಸಾಕು, ಮಿಗ್ ಯಂತ್ರವಿದ್ದರೆ ಇನ್ನೂ ಒಳ್ಳೇದು. ಕಾದ ಬೆಸುಗೆಗೆ ನೀರು ಹೊಯ್ಯಗೊಡಬೇಡಿರಿ. ಬೇಗ ಆಗಲಿ ಎಂದು ಅವಸರಪಡಿಸುವ ಗಿರಾಕಿಗಳ ನಿಮಿತ್ತವೇ ಅನೇಕ ಕೆಲಸಗಾರರು ಆ ಕೆಟ್ಟ ರೂಢಿಯನ್ನು ಕಲಿತಿದ್ದಾರೆ. ತಟ್ಟನೆ ತಣಿದ ಉಕ್ಕು ಪೆಡಸಾಗಬಹುದು. ತಾನಾಗಿ ತಣಿದ ಮೇಲೆ ಪ್ರೈಮರ್, ಬಣ್ಣ. ಸತುವಿನ ಲೇಪವಿರುವ ಕೊಳವೆಯಾದರೆ ಲೇಪವನ್ನು ಮೊದಲು ತೆಗೆಯಬೇಕು, ಅದರ ಹೊಗೆ ಕೆಟ್ಟದ್ದು. ಮಕ್ಕಳು ಸುತ್ತಲೂ ನಿಂತು ಬೆಸುಗೆಯ ಬೆಳಕನ್ನು ನೋಡಬಾರದು. ರಾತ್ರಿಯಲ್ಲಿ ಕಣ್ಣಿಗೆ ಮರಳು ಹೊಯ್ದ ಹಾಗೆ ಉರಿಯುವದು.

ಅಲ್ಯೂಮಿನಿಯಮಿನ ಚೌಕಟ್ಟನ್ನು ಸಾಧಾರಣ ಕಡ್ಡಿಯಿಂದ ಬೆಸೆಯಲಾಗದು. ಟಿಗ್ ಬೆಸುಗೆ ಬಲ್ಲವನೂ ಬೆಸೆದರೆ ಆ ಕಾವಿಗೆ ಸುತ್ತಲಿನ ಲೋಹವು ಬಹಳ ಮಟ್ಟಿಗೆ ಮೆತ್ತಗಾಗುತ್ತದೆ. ಅದಕ್ಕೆ ಹೊಸದನ್ನು ಕೊಳ್ಳುವದೇ ಲೇಸು. ಹ್ಯಾಂಡಲಿನ ಕತ್ತಿನ ಬಳಿಯ ಬಿರುಕನ್ನು ಯಾವ ಹಳ್ಳಿಯ ಬೆಸುಗೆಯವನಿಗೂ ಕೊಡಬೇಡಿರಿ. ಬೋಲ್ಟುಗಳನ್ನು ಹಾಕುವಾಗ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕೆಯಿದೆಯೋ ನೋಡಿರಿ. ಮೊದಲಿದ್ದ ಅಂಕೆಗಿಂತ ಕಡಿಮೆಯದನ್ನು ಹಾಕಬಾರದು. ಅಂಕೆಯಿಲ್ಲದ ಮೆದು ಬೋಲ್ಟು ಬಾಗಿಲಿಗೆ ತಕ್ಕದ್ದು, ಭಾರಕ್ಕಲ್ಲ. 100 ಕಿಲೋಮೀಟರ್ ಓಡಿದ ಮೇಲೆ ಪುನಃ ಬಿಗಿಯಬೇಕು.

ಇಷ್ಟೆಲ್ಲಾ ಮಾಡಿ ಅದೇ 185 ಕಿಲೋ ಹೇರಿದರೆ, ಬೆಸೆದ ಸ್ಥಳವು ನಿಂತು ಅದರ ಪಕ್ಕದ ಸ್ಥಳವು ಮುರಿಯುವದು. ಇಲ್ಲಿ ಅರಣ್ಯಕಾಂಡದ ಏಳನೆಯ ಅಧ್ಯಾಯವನ್ನು ನೋಡಿರಿ. ಇಸ್ರಾಯೇಲಿನ ಪ್ರಧಾನರು ಆರು ಬಂಡಿಗಳನ್ನೂ ಹನ್ನೆರಡು ಎತ್ತುಗಳನ್ನೂ ತಂದಾಗ ಮೋಶೆಯು ಅವುಗಳನ್ನು ಸಮಪಾಲಾಗಿ ಹಂಚಲಿಲ್ಲ. ಬಟ್ಟೆಗಳನ್ನೂ ಪರದೆಗಳನ್ನೂ ಹೊರುವ ಗೇರ್ಷೋನ್ಯರಿಗೆ ಎರಡು ಬಂಡಿ, ನಾಲ್ಕು ಎತ್ತು. ಹಲಗೆ, ಕಂಬ, ಗದ್ದಿಗೇಕಲ್ಲುಗಳನ್ನು ಹೊರುವ ಮೆರಾರೀಯರಿಗೆ ನಾಲ್ಕು ಬಂಡಿ, ಎಂಟು ಎತ್ತು. ಹೆಗಲ ಮೇಲೆಯೇ ಹೊರಬೇಕಾಗಿದ್ದ ಕೆಹಾತ್ಯರಿಗೆ ಒಂದೂ ಇಲ್ಲ. ಯಾರು ಏನು ಹೊರುತ್ತಾರೆಂಬದನ್ನು ಮೊದಲು ನೋಡಿ ಬಳಿಕ ಬಂಡಿ ಕೊಟ್ಟರು. ನಾವಾದರೋ ಬಂಡಿಯನ್ನು ಮೊದಲು ಕೊಂಡು, ಆಮೇಲೆ ಮನೆಯವರೆಲ್ಲರೂ ಒಬ್ಬೊಬ್ಬರಾಗಿ ಬಂದು ಅದರ ಮೇಲೆ ಏನಾದರೂ ಇಡುತ್ತೇವೆ. ಹೆಂಡತಿಯು ಒಂದು ಚೀಲ, ಅಣ್ಣನು ಒಂದು ಮೂಟೆ, ನೆರೆಯವನು ಹೇಗೂ ಹೋಗುತ್ತೀಯಲ್ಲಾ ಎಂದು ಒಂದು ಡಬ್ಬಿ. ಸುಗ್ಗಿಯ ಹಬ್ಬದ ದಿವಸ ಸಭೆಯವರಾದ ನಾವೂ ಮೈಕಿನ ಪೆಟ್ಟಿಗೆಯನ್ನೂ ಅಕ್ಕಿಯ ಮೂಟೆಯನ್ನೂ ಒಬ್ಬ ಯೌವನಸ್ಥನ ಗಾಡಿಗೇ ಹೇರಿ, ದೇವರ ಕೆಲಸ ತಮ್ಮಾ ಎನ್ನುತ್ತೇವೆ. ಪ್ರತಿಯೊಬ್ಬನು ಇಟ್ಟದ್ದು ಸ್ವಲ್ಪವೇ. ಒಟ್ಟು ತೂಕವನ್ನು ತೂಗಿದವರು ಯಾರೂ ಇಲ್ಲ. ಬೆಸುಗೆಯ ಖರ್ಚು ಮಾತ್ರ ಗಾಡಿಯವನ ಪಾಲಿಗೆ ಬರುವದು.

ಹೊರಲೇಬೇಕಾದದ್ದನ್ನು ಹೊರುವದಕ್ಕೂ ಕ್ರಮವುಂಟು. ತೂಕವಾದದ್ದು ತಗ್ಗಾಗಿಯೂ ಮುಂದಕ್ಕೂ, ಎರಡು ಚಕ್ರಗಳ ಅಚ್ಚುಗಳ ನಡುವೆ ಇರಲಿ; ಹಗುರವಾದದ್ದು ಹಿಂದೆ. ಎಡ ಬಲ ಸಮವಾಗಿರಲಿ. ಕ್ಯಾನಿನ ಕೊಂಡಿಯನ್ನು ಸೀಟಿನ ಕೊಳವೆಗೆ ಮಾತ್ರ ತೂಗಹಾಕದೆ, ಕೆಳಗಿನಿಂದ ಹಿಂಸವಾರನ ಕಾಲೂರುವ ಕಡೆಯ ಗಟ್ಟಿ ಭಾಗಕ್ಕೆ ಒಂದು ಊರೆ ಕೊಡಿಸಿರಿ.

ಹಾಲಿನವನ ಮನೆಯಲ್ಲಿ ಆ ಬೀಳಿನ ಮೇಲೆ ಎಲ್ಲರೂ ಕೂತು ಲೆಕ್ಕ ಮಾಡಿದರು. ಬೇರೆ ಗ್ಯಾರೇಜಿನಲ್ಲಿ ಒಳಕೊಳವೆ ಹಾಕಿಸಿ ಬೆಸೆಯಿಸಿದರು. ಈಗ ಅವನು 20 ಲೀಟರಿನ ಕ್ಯಾನುಗಳೆರಡನ್ನು ಕಟ್ಟಿಕೊಂಡು ಬೆಳಿಗ್ಗೆ ಎರಡು ಸಲ ಹೋಗಿ ಬರುತ್ತಾನೆ. ಪೆಟ್ರೋಲಿಗೆ ಹೆಚ್ಚು ತಗಲುತ್ತದೆ. ಅದನ್ನು ತೂಗಿಸುವದಕ್ಕೆ ಅಣ್ಣನು ತನ್ನ ಮೂಟೆಯನ್ನು ಬಾಡಿಗೆಯ ಬಂಡಿಗೆ ಹಾಕುವದಕ್ಕೂ ಆ ಬಾಡಿಗೆಯನ್ನು ತಾನೇ ಕೊಡುವದಕ್ಕೂ ಒಪ್ಪಿದ್ದಾನೆ. ಹುಡುಗನು ನೆರೆಯ ಮಕ್ಕಳ ಕೂಡ ನಡೆದು ಶಾಲೆಗೆ ಹೋಗುತ್ತಾನೆ. ಶನಿವಾರ ಸಾಯಂಕಾಲ ಸೀಟನ್ನು ಎತ್ತಿ, ಒದ್ದೆ ಬಟ್ಟೆಯಿಂದ ಬೆಸುಗೆಯನ್ನು ಒರಸಿ ನೋಡುವ ಕೆಲಸ ಅವನದು.