ಪಣವೂ ಪಶ್ಚಾತ್ತಾಪವೂ

ಒಂದು ನಿರ್ಣಯವು ಸರಿಯೋ ತಪ್ಪೋ ಎಂಬುದನ್ನು ಅದರ ಫಲದಿಂದ ಅಳೆಯಬೇಕೆ, ಅಥವಾ ನಿರ್ಣಯಿಸುವ ಗಳಿಗೆಯಲ್ಲಿ ಕರ್ತೃವಿಗಿದ್ದ ಅರಿವಿನಿಂದ ಅಳೆಯಬೇಕೆ? ನೀತಿಶಾಸ್ತ್ರದ ಈ ಹಳೆಯ ಪ್ರಶ್ನೆಗೆ ಅಮೆರಿಕದ ಇಸ್ಪೀಟಾಟವಾದ ಪೋಕರಿನಿಂದಲೂ ಕೊಂಚ ಬೆಳಕು ಬೀಳುತ್ತದೆ. ಸಪ್ತವ್ಯಸನಗಳಲ್ಲಿ ದ್ಯೂತವನ್ನೇ ಮೊದಲು ಎಣಿಸುವ ನಾವು ಅದನ್ನು ಆಡಲೆಂದಲ್ಲ, ಪರೀಕ್ಷಿಸಲೆಂದು ನೋಡಬಹುದು.

ಟೆಕ್ಸಾಸಿನ ಹೆಸರಿನೊಡನೆ ಬೆಳೆದ ‘ಹೋಲ್ಡೆಮ್’ ಪ್ರಕಾರದಲ್ಲಿ ಪ್ರತಿಯೊಬ್ಬನಿಗೂ ಗುಪ್ತವಾದ 2 ಎಲೆಗಳು. ಮೇಜಿನ ಮೇಲೆ ಎಲ್ಲರಿಗೂ ಸಮಾನವಾದ 5 ಎಲೆಗಳು. ‘ಲಿಮಿಟ್’ ಆಟದಲ್ಲಿ ಪಣದ ಮೊತ್ತವು ನಿಶ್ಚಿತ. ಆದುದರಿಂದ ಆಟಗಾರನಿಗೆ ಉಳಿಯುವ ಪ್ರಶ್ನೆ ಇಷ್ಟೇ: ಪಣ ಒಡ್ಡಬೇಕೆ, ಎದುರಾಳಿಯ ಪಣಕ್ಕೆ ಸಮನಾಗಿ ಕೊಡಬೇಕೆ, ಎಲೆ ಇಟ್ಟು ಹಿಂದೆ ಸರಿಯಬೇಕೆ?

ಕೈಯಲ್ಲಿ 2, ಮೇಜಿನಲ್ಲಿ 2 ಆಟೀನು ಎಲೆಗಳಿದ್ದು, ತೆರೆಯಬೇಕಾದ ಕೊನೆಯ ಎಲೆಯೂ ಆಟೀನಾದರೆ ಗೆಲುವು, ಅಲ್ಲವಾದರೆ ಸೋಲು ಎನ್ನೋಣ. ಕಾಣದ 46 ಎಲೆಗಳಲ್ಲಿ ಆಟೀನು 9. ನಡುವೆ 5 ಪಣದಷ್ಟು ಹಣವಿದ್ದು ತಾನು 1 ಪಣ ಕೊಡಬೇಕಾಗಿದ್ದರೆ, 46 ಸಲಕ್ಕೆ 45 ಬರುತ್ತದೆ, 37 ಹೋಗುತ್ತದೆ, ಕೊಡುವುದು ಸರಿ. ನಡುವೆ 3 ಪಣ ಮಾತ್ರವಿದ್ದರೆ 27 ಬಂದು 37 ಹೋಗುತ್ತದೆ, ಬಿಡುವುದು ಸರಿ. ಬಿಟ್ಟ ಮೇಲೆ ಆಟೀನೇ ಬಂದರೂ ಬಿಟ್ಟದ್ದು ತಪ್ಪಾಗದು. ಹಿಂದೆ ಹಾಕಿದ ಹಣವು ಈಗ ತನ್ನದಲ್ಲ. ‘ಇಷ್ಟು ಹಾಕಿದ ಮೇಲೆ ಹೇಗೆ ಬಿಡಲಿ’ ಎಂಬ ಮಮಕಾರವೇ ಆಟಗಾರನನ್ನು ಕೆಡಿಸುತ್ತದೆ. ಅರ್ಧ ಕಟ್ಟಿದ ಕಟ್ಟಡದ ಮುಂದೆ ನಿಂತ ಆಡಳಿತ ಮಂಡಳಿಗೂ ಈ ಮಾತು ಸಲ್ಲುತ್ತದೆ.

2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಮೈಕೆಲ್ ಬೌಲಿಂಗ್ ಮತ್ತು ಸಂಗಡಿಗರು, ಇಬ್ಬರಾಡುವ ಲಿಮಿಟ್ ಹೋಲ್ಡೆಮನ್ನು ‘ಸೀಫಿಯಸ್’ ಎಂಬ ಗಣಕವಿಧಿಯಿಂದ ಬಹುಮಟ್ಟಿಗೆ ಸಂಪೂರ್ಣವಾಗಿ ಬಿಡಿಸಿದುದಾಗಿ ಪ್ರಕಟಿಸಿದರು. ಯಂತ್ರವು ತನ್ನೊಡನೆ ತಾನೇ ಆಡುತ್ತ, ಬೇರೆ ದಾರಿ ಹಿಡಿದಿದ್ದರೆ ಎಷ್ಟು ಹೆಚ್ಚು ದೊರೆಯುತ್ತಿತ್ತೆಂದು ಲೆಕ್ಕವಿಡುತ್ತದೆ. ಈ ಲೆಕ್ಕಕ್ಕೆ ಗಣಿತಜ್ಞರು ಕೊಟ್ಟ ಹೆಸರಿನ ಅರ್ಥವೇ ‘ಪಶ್ಚಾತ್ತಾಪ’! ದುರ್ಬಲ ಎಲೆ ಹಿಡಿದೂ ಕೆಲವೊಮ್ಮೆ ಪಣ ಒಡ್ಡಬೇಕೆಂಬುದು ಅದರ ನಿರ್ಣಯಗಳಲ್ಲೊಂದು.

ಇದು ಅಸತ್ಯವೆ? ನಿಯಮ ಬಲ್ಲವರ ನಡುವೆ ಇದು ವಂಚನೆಯಲ್ಲ, ಚದುರಂಗದಲ್ಲಿಯೂ ಹೂಟವನ್ನು ಮರೆಮಾಡುತ್ತಾರೆ, ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಒಪ್ಪಿಗೆಯು ಮೇಜಿನ ಸುತ್ತ ಕುಳಿತವರದು ಮಾತ್ರ. ಸೋತವನ ಹಣದ ಹಿಂದೆ ಮನೆಯ ದಿನಸಿಯಿದೆ, ಮಗಳ ಶಾಲೆಯ ಶುಲ್ಕವಿದೆ. ಆ ಮನೆಯವರನ್ನು ಯಾರೂ ಕೇಳಿಲ್ಲ. ಮೇಲಾಗಿ ಒಬ್ಬನಿಗೆ ಬಂದದ್ದೆಲ್ಲ ಇನ್ನೊಬ್ಬನಿಂದಲೇ ಬರುವ ಈ ಆಟದಲ್ಲಿ, ಜಾಣನ ಲಾಭಕ್ಕೆ ಎದುರಿನವನ ತಪ್ಪೆಣಿಕೆ ಬೇಕು. ಹೀಗೆ ಪರರು ತಪ್ಪಲಿ ಎಂಬ ಬಯಕೆಯು ಅವನ ಭಾವದಲ್ಲಿ ನೆಲೆಗೊಳ್ಳುತ್ತದೆ. ವರ್ತಕನ ಲಾಭ ಹೀಗಲ್ಲ; ಅಲ್ಲಿ ಕೊಂಡವನಿಗೂ ವಸ್ತು ದೊರೆಯುತ್ತದೆ.

ಯಂತ್ರದ ಪಶ್ಚಾತ್ತಾಪವು ತನಗೆ ತಪ್ಪಿಹೋದ ಲಾಭವನ್ನು ಎಣಿಸುತ್ತದೆ. ಪ್ರತಿಕ್ರಮಣದ ಪಶ್ಚಾತ್ತಾಪವು ತನ್ನಿಂದ ಇತರರಿಗಾದ ನೋವನ್ನು ಎಣಿಸುತ್ತದೆ. ಫಲದ ಮೋಹವಿಲ್ಲದೆ ವಿವೇಚಿಸುವ ಗುಣವನ್ನು ಆ ಆಟಗಾರನಿಂದ ಕಲಿಯೋಣ. ಆದರೆ ಮೇಜಿನ ಬಳಿ ಕುಳಿತುಕೊಳ್ಳಬೇಕೆ ಎಂಬ ಮೊದಲ ಪ್ರಶ್ನೆಯನ್ನು ಅವನ ಗಣಿತವು ಕೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು, ನಮ್ಮ ಮಕ್ಕಳಿಗೂ ಕೇಳಲು ಕಲಿಸಬೇಕು.