ಹರಕೆಯಿಲ್ಲದ ಗುಡ್ಡ

ನಮ್ಮ ಕಡೆಯ ಹೆಣ್ಣುಮಗಳು ಹೊಸ್ತಿಲು ದಾಟಿ ದೂರ ಹೋಗಬೇಕಾದರೆ ಕೈಯಲ್ಲೊಂದು ಕಾರಣ ಇರಬೇಕು. ಮದುವೆ, ಕುಬಸ, ಸಾವು, ಜಾತ್ರೆ, ದವಾಖಾನೆ – ಇವು ನಡೆಯುವ ಕಾರಣಗಳು. ‘ಸುಮ್ಮನೆ’ ಎಂಬುದು ಕಾರಣವಲ್ಲ. ಪರದೇಶಕ್ಕೂ ಇದೇ ನಿಯಮ. ನಮ್ಮ ಗಬ್ಬೂರಿನಿಂದ ಹಿಡಿದು ಧಾರವಾಡದ ತನಕ ನನ್ನ ವಯಸ್ಸಿನ ಎಷ್ಟೋ ತಾಯಂದಿರು ಅಮೆರಿಕ, ಸಿಂಗಾಪುರ ಕಂಡು ಬಂದಿದ್ದಾರೆ. ಬಹುತೇಕರಿಗೆ ವಿಮಾನದ ಬಾಗಿಲು ತೆರೆದದ್ದು ಬಾಣಂತನದ ಕೀಲಿಕೈ. ಆರು ತಿಂಗಳು ಇದ್ದು ಬಂದವರನ್ನು ಊರು ಹೇಗಿತ್ತೆಂದು ಕೇಳಿ ನೋಡಿ, ಅಡಿಗೆಮನೆಯ ಕಿಟಕಿಯಿಂದ ಕಂಡಷ್ಟು ಹೇಳುತ್ತಾರೆ.

2024ರ ಬೇಸಿಗೆ ರಜೆಯಲ್ಲಿ ನಾನು ಹಾಂಗ್‌ಕಾಂಗಿಗೆ ಹೋದದ್ದೂ ಐದು ತಿಂಗಳ ಮೊಮ್ಮಗನನ್ನು ಆಡಿಸಲಿಕ್ಕೇ. ಜೊತೆಗೆ, ನಿವೃತ್ತರಾದ ನಮ್ಮ ಯಜಮಾನರು. ಎಂಬತ್ತು ದಾಟಿದ ಅತ್ತೆಯವರನ್ನು ನೋಡಿಕೊಳ್ಳಲು ನಾದಿನಿ ನವಲಗುಂದದಿಂದ ನಮ್ಮ ಮನೆಗೆ ಬಂದು ನಿಂತಿದ್ದಳು. ಒಂದು ರವಿವಾರ ಮಗಳು, “ಅವ್ವಾ, ಇವತ್ತ ನಾವಿಬ್ಬರೂ ಮನ್ಯಾಗ ಇರ್ತೇವಿ. ನೀನೂ ಅಪ್ಪಾನೂ ರಾತ್ರಿ ತನಕಾ ಈ ಕಡೆ ಬರಬ್ಯಾಡ್ರಿ” ಎಂದು ಬಸ್ಸಿನ ನಂಬರು ಬರೆದುಕೊಟ್ಟು ಕಳಿಸಿದಳು.

ಹಾಂಗ್‌ಕಾಂಗ್ ಎಂದರೆ ಬರೀ ಕಾಂಕ್ರೀಟು ಎಂದು ತಿಳಿದವರಿಗೆ ಹೇಳುತ್ತೇನೆ, ಅಲ್ಲಿಯ ನೆಲದಲ್ಲಿ ಶೇಕಡಾ 40ರಷ್ಟು ಕಾಯ್ದಿಟ್ಟ ಗುಡ್ಡ–ಕಾಡು. ಶಾವ್ ಕೀ ವಾನ್ ಎಂಬಲ್ಲಿ 9ನೇ ನಂಬರಿನ ಬಸ್ಸು ಹಿಡಿದು, ನಡುದಾರಿಯಲ್ಲಿ ಇಳಿದು ಮೇಲೇರಿದರೆ ‘ಡ್ರ್ಯಾಗನ್ಸ್ ಬ್ಯಾಕ್’. ಹಾವಿನ ಬೆನ್ನೆಲುಬಿನಂತೆ ಏರುತ್ತ ಇಳಿಯುತ್ತ ಹೋಗುವ ಗುಡ್ಡದ ನೆತ್ತಿಯ ದಾರಿ, ಎರಡೂ ಬದಿಗೆ ಕೆಳಗೆ ಸಮುದ್ರ. ಎಲ್ಲಕ್ಕೂ ಎತ್ತರದ ಶೆಕ್ ಓ ಶಿಖರ 284 ಮೀಟರು. ಎತ್ತರವೇನೂ ಮಹಾ ಅಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಎಷ್ಟು ಸಲ ಹೋಗಿಲ್ಲ! ಆದರೆ ಅಲ್ಲಿ ಮೇಲೆ ದೇವಿ ಇದ್ದಾಳೆ. ಇಲ್ಲಿ ಮೇಲೆ ಗಾಳಿ. ಕಾಯಿ ಒಡೆಸುವುದಿಲ್ಲ, ಹರಕೆ ಮುಟ್ಟಿಸುವುದಿಲ್ಲ, ಯಾರ ಹೆಸರಿನಲ್ಲೂ ಬೇಡಿಕೊಳ್ಳುವುದಿಲ್ಲ. ಹತ್ತಿದೆವು, ನಿಂತೆವು, ಬೆವರು ಆರಿತು. ಇಷ್ಟಕ್ಕಾಗಿ ಇಷ್ಟು ದೂರವೇ ಎಂದು ನನ್ನ ಒಳಗಿನ ಅಕ್ಕೋರು ಕೇಳಿಯೇಬಿಟ್ಟರು.

ದಾರಿ ಇಕ್ಕಟ್ಟಾಗಿತ್ತು. ಮೂವತ್ತು ವರ್ಷ ನನ್ನಿಂದ ಹತ್ತು ಹೆಜ್ಜೆ ಮುಂದೆಯೇ ನಡೆದ ನಮ್ಮವರು ಮೊಣಕಾಲು ನೋವಿನಿಂದ ಅವತ್ತು ಹಿಂದೆ ಬಿದ್ದರು. “ಏ, ಸ್ವಲ್ಪ ತಡೀ” ಎಂದು ಅವರು ಕರೆಯುವುದು, ನಾನು ನಿಲ್ಲುವುದು. ಮಾತು ಹಾಲಿನ ಲೆಕ್ಕ, ಅತ್ತೆಯ ಗುಳಿಗೆ, ಸೈಟಿನ ಸಾಲ ಇವೆಲ್ಲ ದಾಟಿ ಎಲ್ಲೆಲ್ಲಿಗೋ ಹೋಯಿತು. ಹುಡುಗರಾಗಿದ್ದಾಗ ಉಣಕಲ್ ಕೆರೆಯಲ್ಲಿ ಮನೆಗೆ ಹೇಳದೆ ಈಸಾಡಿದ ಕಥೆ ನಾನು ಕೇಳಿದ್ದು ಚೀನಾ ಸಮುದ್ರದ ದಂಡೆಯಲ್ಲಿ. ದಾರಿ ಕೊನೆಗೆ ಬಿಗ್ ವೇವ್ ಬೇ ಎಂಬ ಉಸುಕಿನ ದಂಡೆಗೆ ಇಳಿಯುತ್ತದೆ. ಅಲ್ಲಿ ಅವರು ಪ್ಯಾಂಟು ಮಡಚಿ ನೀರಿಗೆ ಇಳಿದೇ ಇಳಿದರು.

ಮದುವೆಯಲ್ಲಿ ವರನಿಂದ ‘ನಾತಿಚರಾಮಿ’ ಎನಿಸುತ್ತಾರಲ್ಲ, ಧರ್ಮ ಅರ್ಥ ಕಾಮ ಮೂರರಲ್ಲೂ ಇವಳನ್ನು ಬಿಟ್ಟು ನಡೆಯುವುದಿಲ್ಲವೆಂದು. ಧರ್ಮಕ್ಕೆ ಜೋಡಿಯಾಗಿ ಕೂಡ್ರುತ್ತೇವೆ, ಸತ್ಯನಾರಾಯಣ ಪೂಜೆಯ ಫೋಟೋ ನೋಡಿದರೆ ಗೊತ್ತು. ಅರ್ಥಕ್ಕೂ ಜೋಡಿಯೇ, ಸಾಲದ ಕಾಗದಕ್ಕೆ ಇಬ್ಬರ ಸಹಿ ಬೇಕು. ಮೂರನೆಯದನ್ನು ಮಾತ್ರ ಮಕ್ಕಳಾದ ಮೇಲೆ ಮಡಚಿ ಟ್ರಂಕಿನಲ್ಲಿ ಇಡುತ್ತೇವೆ. ಕಾಮವೆಂದರೆ ಅದೊಂದೇ ಅಲ್ಲ; ಕೂಡಿ ನೋಡುವುದು, ಕೂಡಿ ಉಣ್ಣುವುದು, ಕೂಡಿ ದಣಿಯುವುದೂ ಅದರಲ್ಲೇ ಬರುತ್ತದೆ. ಯಾರಿಗೂ ಉಪಯೋಗವಿಲ್ಲದ ಸುಖ ಪಾಪವಲ್ಲ ಎಂದು ನಾನು ಆ ದಂಡೆಯ ಮೇಲೆ ಕೂತು ಹೆಚ್ಚುಕಡಿಮೆ ತೀರ್ಮಾನಿಸಿಯೇಬಿಟ್ಟಿದ್ದೆ.

ಆದರೆ ಸಂಜೆ ಊರೊಳಗೆ ಸೆಂಟ್ರಲ್ ಎಂಬ ಪೇಟೆಗೆ ಬಂದಾಗ ಲೆಕ್ಕ ಅಷ್ಟು ಸರಳವಾಗಿ ಉಳಿಯಲಿಲ್ಲ. ದೊಡ್ಡ ದೊಡ್ಡ ಬ್ಯಾಂಕುಗಳ ಕೆಳಗೆ, ಸೇತುವೆಗಳ ಮೇಲೆ, ವಾಹನ ನಿಲ್ಲಿಸಿದ ರಸ್ತೆಯ ಮೇಲೆ ರಟ್ಟು ಹಾಸಿಕೊಂಡು ಕುಳಿತವರು ಎಲ್ಲರೂ ಹೆಂಗಸರು. ಫಿಲಿಪೀನ್ಸ್, ಇಂಡೋನೇಷ್ಯಾಗಳಿಂದ ಮನೆಗೆಲಸಕ್ಕೆ ಬಂದವರು. ಇಂಥವರು ಆ ಊರಲ್ಲಿ 3 ಲಕ್ಷಕ್ಕೂ ಹೆಚ್ಚು. ಮಾಲಕರ ಮನೆಯಲ್ಲೇ ಇರಬೇಕೆಂಬುದು ಕಾನೂನು. ಏಳು ದಿನಕ್ಕೆ ಒಂದು ದಿನ ರಜೆ ಕೊಡಲೇಬೇಕೆಂಬುದೂ ಕಾನೂನು. ಸ್ವಂತ ಕೋಣೆಯಿಲ್ಲದವರಿಗೆ ರಜೆಯ ದಿನ ರಸ್ತೆಯೇ ಮನೆ. ಡಬ್ಬಿ ಬಿಚ್ಚಿ ಹಂಚಿ ಉಣ್ಣುತ್ತಿದ್ದರು, ಒಬ್ಬರ ಉಗುರಿಗೆ ಒಬ್ಬರು ಬಣ್ಣ ಹಚ್ಚುತ್ತಿದ್ದರು, ನಾಲ್ಕು ಜನ ಸಾಲಾಗಿ ನಿಂತು ಕುಣಿತ ಕಲಿಯುತ್ತಿದ್ದರು. ಕೆಲವರು ಫೋನಿನಲ್ಲಿ ಊರಲ್ಲಿದ್ದ ಮಕ್ಕಳನ್ನು ನೋಡುತ್ತಿದ್ದರು. ಅವರ ಮಕ್ಕಳನ್ನು ನೋಡಿಕೊಳ್ಳಲು ಅಲ್ಲಿ ಯಾರೋ ಅಜ್ಜಿ, ಯಾರೋ ತಂಗಿ ಇರಬೇಕಲ್ಲ. ಕೂಡಲೇ ನಾದಿನಿ ನೆನಪಾದಳು. ನಾನು ಗುಡ್ಡದ ಮೇಲೆ ಗಾಳಿ ತಗೊಂಡ ಹೊತ್ತಿನಲ್ಲಿ ಅವಳು ಅತ್ತೆಯ ಹಾಸಿಗೆ ಬದಲಿಸುತ್ತಿದ್ದಳು.

ರಾತ್ರಿಯೂ ಸುತ್ತಿದೆವು ಅನ್ನಿ. 1888ರಲ್ಲಿ ಡೋರಾಬ್ಜಿ ಎಂಬ ಪಾರ್ಸಿ ಗೃಹಸ್ಥ ಕಂಪನಿ ಕಟ್ಟಿ ನಡೆಸಿದ ದೋಣಿಗಳೇ ಇಂದಿನ ಸ್ಟಾರ್ ಫೆರಿ. ಅದರಲ್ಲಿ ಆಚೆ ದಂಡೆಗೆ ದಾಟಿ, ಎಂಟು ಗಂಟೆಗೆ ಕಟ್ಟಡಗಳ ಮೇಲೆ ಆಡುವ ಬೆಳಕಿನಾಟ ನೋಡಿ, ತಿರುಗಿ ಬಂದು ಲಾನ್ ಕ್ವಾಯ್ ಫಾಂಗ್ ಎಂಬ ಏರು ಓಣಿ ಹತ್ತಿದೆವು. ಎರಡೂ ಕಡೆ ಬಾರುಗಳು, ಸಂಗೀತ. ಹುಬ್ಬಳ್ಳಿಯಲ್ಲಿ ನಾನು ರಾತ್ರಿ ಹನ್ನೊಂದು ಕಂಡದ್ದು ಶಿವರಾತ್ರಿ ಜಾಗರಣೆಗೆ, ಇಲ್ಲವೆ ಮಗುವಿನ ಜ್ವರಕ್ಕೆ. ನಾನು ಕಿತ್ತಳೆ ರಸ ಕುಡಿದೆ. ಅವರು ಏನು ಕುಡಿದರೆಂಬುದು ಅತ್ತೆಯವರಿಗೆ ಗೊತ್ತಾಗಬೇಕಾಗಿಲ್ಲ. ನಮ್ಮ ವಯಸ್ಸಿನದೇ ಬಿಳಿಕೂದಲಿನ ಒಂದು ಜೋಡಿ ಬಾಗಿಲ ಹತ್ತಿರ ಕುಣಿಯುತ್ತಿತ್ತು. ಯಾರೂ ನಗಲಿಲ್ಲ.

ಸುಖಕ್ಕೆ ಕಾರಣ ಬೇಕೇ ಎಂಬುದಕ್ಕಿಂತ, ಅದರ ಬೆಲೆ ಯಾರ ಕೈಯಿಂದ ಹೋಗುತ್ತದೆ ಎಂದು ಕೇಳುವುದು ಹೆಚ್ಚು ಪ್ರಾಮಾಣಿಕವೆಂದು ನನಗೆ ಅನಿಸುತ್ತದೆ. ಒಬ್ಬಳ ಬಿಡುವು ಇನ್ನೊಬ್ಬಳ ಕೆಲಸ; ಇದನ್ನು ತಪ್ಪಿಸಲಿಕ್ಕಾಗದು. ಹಾಗೆಂದು ಯಾರೂ ಬಿಡುವೇ ತಗೊಳ್ಳದಿರುವುದು ತ್ಯಾಗವಾದೀತು, ನ್ಯಾಯವಾಗದು. ನಮ್ಮ ತಾಯಂದಿರು ಹಾಗೇ ಮಾಡಿದರು, ಆಮೇಲೆ ಸೊಸೆಯರಿಂದ ಅದನ್ನೇ ವಸೂಲು ಮಾಡಿದರು. ನಳದ ನೀರಿಗಾಗಿ ದಿನಗಟ್ಟಲೆ ಕಾಯ್ದ ಹುಬ್ಬಳ್ಳಿಯ ಹೆಂಗಸರಿಗೆ ಪಾಳಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೀರು ನಮ್ಮ ಓಣಿಗೆ ಬಂದದ್ದು ಅನ್ಯಾಯವಲ್ಲ, ಮುಂದಿನ ಓಣಿಗೆ ಹೋಗದಿದ್ದರೆ ಅನ್ಯಾಯ.

ಊರಿಗೆ ಬಂದ ವಾರದೊಳಗೆ ನಾದಿನಿಗೆ ಹೇಳಿದೆ: “ದಸರಾ ಸೂಟಿಯೊಳಗ ನಾನು ಮನ್ಯಾಗ ಇರ್ತೇನಿ, ನಿಮ್ಮ ಮಕ್ಕಳನ್ನೂ ಇಲ್ಲೇ ಬಿಡು. ನೀವಿಬ್ಬರೂ ಎರಡು ದಿನ ಎಲ್ಲಿಗ್ಯಾರ ಹೋಗಿ ಬರ್ರಿ.” ಅವಳು ಕಸಬರಿಗೆ ಹಿಡಿದು ನಿಂತವಳು ನಿಂತೇ ಇದ್ದಳು. ಎಲ್ಲಿಗೆ ಎಂದು ಕೇಳಲಿಲ್ಲ, ದುಡ್ಡೆಷ್ಟು ಎಂದೂ ಕೇಳಲಿಲ್ಲ. “ವೈನಿ, ಏನಂತ ಹೇಳಿ ಹೋಗೂದ್ರಿ?” ಎಂದಳು.

ಉಳವಿಗೆಂದು ಹೇಳಿ ಹೋದರು. ಚನ್ನಬಸವಣ್ಣನ ಪ್ರಸಾದ ತಂದು ಮೊದಲು ಅತ್ತೆಯವರ ಕೈಗಿಟ್ಟಳು. ಆಮೇಲೆ ಅಡಿಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿ, ದಾಂಡೇಲಿಯಲ್ಲಿ ಒಂದು ದಿನ ಹೆಚ್ಚಿಗೆ ಇದ್ದದ್ದನ್ನೂ, ಕಾಳೀ ಹೊಳೆಯಲ್ಲಿ ರಬ್ಬರಿನ ದೋಣಿ ಹತ್ತಿ ಗಂಡನಿಗಿಂತ ಜೋರಾಗಿ ಚೀರಿದ್ದನ್ನೂ ಹೇಳಿದಳು.